ಸ್ಲೋ ನಿಲ್ಲದ ಗಾಡಿ

“ಗಾಡಿ ಓಡ್ತೈತ್ರಿ, ಆದ್ರ ನಿಂದ್ರವಲ್ದು” ಎಂದರು ಮಿಸ್ತ್ರಿ.

ಅವರ ಮಾತಿನಲ್ಲಿ ಗೂಢವೇನೂ ಇರಲಿಲ್ಲ. ತಿಕೋಟಾದ ಮನೆಯ ಪಡಸಾಲೆಯಲ್ಲಿ 11 ವರ್ಷ ತಾಡಪತ್ರಿ ಹೊದ್ದು ನಿಂತಿದ್ದ ಅಪ್ಪನ ಯೆಜ್ಡಿ ರೋಡ್‌ಕಿಂಗನ್ನು 2024ರ ಕೊನೆಯಲ್ಲಿ ಗೂಡ್ಸ್ ಆಟೋದಲ್ಲಿ ಹೇರಿಕೊಂಡು, ಅಥಣಿ ರಸ್ತೆ ಹಿಡಿದು ವಿಜಯಪುರದ ಒಂದು ಗ್ಯಾರೇಜಿಗೆ ತಂದಿದ್ದೆ. ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ತುಂಬಿ, ಹೊಸ ಪ್ಲಗ್ ಹಾಕಿ, ಇಪ್ಪತ್ತು ಸಲ ಕಿಕ್ ಹೊಡೆದ ಮೇಲೆ ಅದು ಬಿಳಿ ಹೊಗೆ ಕಾರುತ್ತ ಜೀವ ಹಿಡಿಯಿತು. ಎಕ್ಸಲೇಟರ್ ತಿರುವಿ ಹಿಡಿದಷ್ಟು ಹೊತ್ತು ಗಲ್ಲಿಗೆಲ್ಲ ಕೇಳುವಂತೆ ಕೂಗಿತು. ಕೈ ಸಡಿಲಿಸಿದೊಡನೆ ಎರಡು ಸಲ ಬಿಕ್ಕಳಿಸಿ ಆರಿಹೋಯಿತು. ಮತ್ತೆ ಕಿಕ್, ಮತ್ತೆ ಕೂಗು, ಮತ್ತೆ ಬಿಕ್ಕಳಿಕೆ.

ಗೇರಿಗೆ ಹಾಕದೆ, ಎಕ್ಸಲೇಟರ್ ಮುಟ್ಟದೆ, ನಿಂತಲ್ಲಿಯೇ ಇಂಜಿನ್ ತನ್ನಷ್ಟಕ್ಕೆ ತಾನು ನಡೆಯುವುದಕ್ಕೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ‘ಸ್ಲೋ’ ಎನ್ನುತ್ತಾರೆ. ಸ್ಲೋ ನಿಲ್ಲದ ಗಾಡಿಯನ್ನು ಓಡಿಸಲು ಬರುವುದಿಲ್ಲವೆಂದೇನಿಲ್ಲ. ಗದ್ದಲ ಮಾಡುತ್ತ ಹೋಗಬಹುದು. ಆದರೆ ರಸ್ತೆಗೆ ಎಮ್ಮೆ ಅಡ್ಡ ಬಂದಾಗ, ಪರಿಚಯದವರು ಕೈಮಾಡಿ ನಿಲ್ಲಿಸಿದಾಗ, ಸಿಗ್ನಲ್ಲಿನಲ್ಲಿ ಕಾಯಬೇಕಾದಾಗ ಅದು ಸಾಯುತ್ತದೆ. ಓಡುವುದು ಬರುತ್ತದೆ, ನಿಲ್ಲುವುದು ಬರುವುದಿಲ್ಲ ಎಂದರೆ ಕೇಳುವವರಿಗೆ ವಿಚಿತ್ರ ಅನ್ನಿಸುತ್ತದೆ. ಕಾರ್ಬೊರೇಟರಿನ ಒಳಗನ್ನು ನೋಡಿದವರಿಗೆ ಹಾಗನ್ನಿಸುವುದಿಲ್ಲ.

ಕಾರ್ಬೊರೇಟರಿನ ಅಡಿಯಲ್ಲಿ ಒಂದು ಪುಟ್ಟ ಬಟ್ಟಲಿದೆ. ಟಾಕಿಯಿಂದ ಇಳಿದ ಪೆಟ್ರೋಲ್ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಇಂಜಿನ್ನಿಗೆ ಹೋಗಲು ಅದಕ್ಕೆ ಎರಡು ದಾರಿಗಳು. ಒಂದು ಮೇನ್ ಜೆಟ್. ಎಕ್ಸಲೇಟರ್ ತಿರುವಿ, ಗಾಳಿಗೆ ಅಡ್ಡಲಾಗಿರುವ ಬಾಗಿಲು ಮೇಲೆದ್ದಾಗ ಪೆಟ್ರೋಲ್ ಈ ಅಗಲ ದಾರಿಯಿಂದ ನುಗ್ಗುತ್ತದೆ. ಇನ್ನೊಂದು ಸ್ಲೋ ಜೆಟ್. ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವಾಗ ಇಂಜಿನ್ ಬದುಕುವುದು ಇದೊಂದರ ಮೇಲೆಯೇ. ಅದರ ತೂತು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಗಾಡಿ ಬಹಳ ದಿನ ನಿಂತರೆ ಬಟ್ಟಲಿನ ಪೆಟ್ರೋಲಿನ ಹಗುರ ಅಂಶ ಮೊದಲು ಆವಿಯಾಗಿ ಹೋಗುತ್ತದೆ. ಉಳಿದದ್ದು ಗಾಳಿ ತಾಗಿ ಕಂದು ಬಣ್ಣದ ಅಂಟಾಗುತ್ತದೆ. ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕಾದ್ದರಿಂದ, ಪೆಟ್ರೋಲ್ ಆರಿದ ಮೇಲೂ ಎಣ್ಣೆ ಜಿಡ್ಡಾಗಿ ಉಳಿಯುತ್ತದೆ. ಎಲ್ಲಕ್ಕಿಂತ ಮೊದಲು ಮುಚ್ಚುವುದು ಎಲ್ಲಕ್ಕಿಂತ ಸಣ್ಣ ತೂತು. ಆದ್ದರಿಂದ ಬಂದ್ ಬಿದ್ದಿದ್ದ ಗಾಡಿ ಮತ್ತೆ ಚಾಲೂ ಆದಾಗ ಕೂಗಲು ಅದಕ್ಕೆ ತ್ರಾಣವಿರುತ್ತದೆ, ಸುಮ್ಮನೆ ಇರಲು ಇರುವುದಿಲ್ಲ.

ಮಿಸ್ತ್ರಿ ಬಟ್ಟಲು ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ಹಳೆಯ ವಾರ್ನಿಶಿನ ವಾಸನೆ. ತಳದಲ್ಲಿ ಬೆಲ್ಲದ ಪಾಕ ಸೀದಂತೆ ಒಂದು ಪದರ. “ಪೆಟ್ರೋಲ್ ಹಾಂಗ ಬಿಟ್ಟ ಇಟ್ಟಿದ್ರೇನ್ರಿ?” ಎಂದು ಕೇಳಿದರು. ಹೌದು ಎಂದೆ. ಆ ಪೆಟ್ರೋಲ್ ಅಪ್ಪ ತುಂಬಿಸಿದ್ದು. ಅವನು ಕಡೆಯ ಸಲ ತುಂಬಿಸಿದ್ದನ್ನು ಚೆಲ್ಲಲು ಮನಸ್ಸಾಗಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ನನಗೆ ಅಲ್ಲಿಯವರೆಗೆ ಒಂದು ನಂಬಿಕೆಯಿತ್ತು: ಈ ಗಾಡಿಯನ್ನು ನಾನು ಕಾಪಾಡಿಕೊಂಡು ಬಂದಿದ್ದೇನೆ ಎಂದು. ಮಳೆ ಬಿದ್ದಿರಲಿಲ್ಲ, ಬಿಸಿಲು ತಾಗಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಊರಿಗೆ ಹೋದಾಗಲೆಲ್ಲ ತಾಡಪತ್ರಿ ಎತ್ತಿ ಧೂಳು ಒರೆಸುತ್ತಿದ್ದೆ. ಆ ಬಟ್ಟಲನ್ನು ನೋಡಿದ ಮೇಲೆ ಎದ್ದ ಪ್ರಶ್ನೆ ಇದು: ಬಳಸದೆ ಇಟ್ಟದ್ದನ್ನು ಕಾಪಾಡಿದ್ದು ಎನ್ನಬಹುದೇ? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬಂತು. ಕಾಪಾಡುವ ಹೆಸರಿನಲ್ಲಿ ಬೇರೆಯವರಿಗೆ ‘ಇಲ್ಲ’ ಎಂದಿದ್ದೆನಲ್ಲ, ಆ ಹಕ್ಕು ನನಗೆ ಎಲ್ಲಿಂದ ಬಂದಿತ್ತು?

ಈ ಗಾಡಿಯ ಕುಲವೇ ನಿಂತುಹೋದ ಕುಲ. ಜೆಕೊಸ್ಲೊವಾಕಿಯಾದ ಜಾವಾ ತಂತ್ರಜ್ಞಾನವನ್ನು ತಂದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಕಡ್ಡಿಯೇ ಮುಂದಕ್ಕೆ ತಿರುಗಿ ಗೇರ್ ಕಡ್ಡಿ ಆಗುವ ಚಮತ್ಕಾರ, ದೂರದಿಂದಲೇ ಗುರುತು ಸಿಗುವ ಸದ್ದು. ಮುಂದೆ ಅದೇ ಹೆಸರುಗಳಲ್ಲಿ ಬೇರೆ ಗಾಡಿಗಳು ಬಂದರೂ ಹಳೆಯ ಮೈಸೂರು ಗಾಡಿಗಳು ಇವತ್ತಿಗೂ ರಸ್ತೆಯ ಮೇಲಿವೆ. ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನವೆಂದು ಅವುಗಳ ಮಾಲೀಕರು ಒಟ್ಟಾಗಿ ಗಾಡಿ ಹೊರಡಿಸುತ್ತಾರೆ. ಕಾರ್ಖಾನೆ ಮುಚ್ಚಿ ಕಾಲು ಶತಮಾನ ದಾಟಿದ ಮೇಲೂ ಈ ಗಾಡಿಗಳು ಉಳಿದದ್ದು ಓಡಿಸುವವರು ಓಡಿಸುತ್ತಿದ್ದುದರಿಂದ. ಓಡಿಸುವವರಿದ್ದಾರೆಂದೇ ಬಿಡಿಭಾಗ ಮಾಡುವವರಿದ್ದಾರೆ, ಬಿಚ್ಚಿ ಕಟ್ಟಲು ಬಲ್ಲ ಮಿಸ್ತ್ರಿಗಳಿದ್ದಾರೆ.

ನಮ್ಮಪ್ಪ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ. ತಿಕೋಟಾ ಸುತ್ತಲಿನ ಹಳ್ಳಿಗಳಿಗೆ ಹೊತ್ತಿಲ್ಲದ ಹೊತ್ತಿನಲ್ಲಿ ಹೋಗಬೇಕಾಗುತ್ತಿತ್ತು. ಈಯಲಾಗದೆ ಒದ್ದಾಡುವ ಆಕಳ ಪಕ್ಕದಲ್ಲಿ ಕೂತ ಮನೆಯವರಿಗೆ ಈ ಗಾಡಿಯ ಸದ್ದು ಧೈರ್ಯ ಕೊಡುತ್ತಿತ್ತಂತೆ. ಬಬಲೇಶ್ವರದಲ್ಲಿದ್ದ ಕಾಕಾ ಎಷ್ಟೋ ಸಲ ಹಿಂದೆ ಕೂತು ಟಾರ್ಚು ಹಿಡಿದು ಹೋಗಿದ್ದಾನೆ. 2013ರಲ್ಲಿ ಅಪ್ಪ ಹೋದ. ಗಾಡಿ ನಿಂತಿತು.

2016ರ ಬೇಸಿಗೆ. ಬರದ ಮೇಲೆ ಬರ. ನಮ್ಮ ಭಾಗದ ದ್ರಾಕ್ಷಿ ಬೆಳೆಗಾರರು ಟ್ಯಾಂಕರ್ ನೀರು ಕೊಂಡು ಬಳ್ಳಿಯ ಜೀವ ಹಿಡಿದ ಕಾಲ ಅದು. ಕಾಕಾನದೂ ಎರಡು ಎಕರೆ ತೋಟ, ಮನೆಯಿಂದ ಐದಾರು ಕಿಲೋಮೀಟರ್ ದೂರ. ಅವನ ಸ್ವಂತ ಗಾಡಿ ಮಾರಿ ನೀರಿನ ಬಾಕಿ ಕೊಟ್ಟಿದ್ದ. ಒಂದು ದಿನ ನಮ್ಮ ಮನೆಗೆ ಬಂದು, ಚಹಾ ಕುಡಿದು, ತಾಡಪತ್ರಿಯ ಕಡೆ ನೋಡುತ್ತ, “ಒಂದ ಹಂಗಾಮ ಮಟ್ಟಿಗೆ ಕೊಡಪಾ. ತ್ವಾಟಕ್ಕ ಹೋಗಿಬರಾಕ ಆಕ್ಕೈತಿ” ಎಂದ.

ನಾನು, “ಕಾಕಾ, ಅದು ಅಪ್ಪನ ನೆನಪು. ಹೊರಗ ತಗದ್ರ ಹಾಳಾಕ್ಕೈತಿ” ಎಂದೆ.

“ಆತು ಬಿಡು” ಎಂದ. ಮತ್ತೆಂದೂ ಕೇಳಲಿಲ್ಲ. ಆ ವರ್ಷ ಒಂದು ಎಕರೆ ಬಳ್ಳಿ ಒಣಗಿತು, ಕಿತ್ತು ಹಾಕಿದ. ಗಾಡಿ ಕೊಟ್ಟಿದ್ದರೆ ಅದು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಬಳ್ಳಿಗೆ ಬೇಕಾಗಿದ್ದದ್ದು ನೀರು, ಯೆಜ್ಡಿಯಲ್ಲ. ಆದರೆ ಐವತ್ತೆಂಟು ವರ್ಷದ ಮನುಷ್ಯ ಆ ಉರಿಬಿಸಿಲಿನಲ್ಲಿ ಟ್ಯಾಂಕರ್ ಬರುವ ಹೊತ್ತಿಗೆ ತೋಟ ಮುಟ್ಟಲು ದಿನಾ ನಡೆದ ಎಂಬುದು ನಿಜ. ಅವನ ಅಣ್ಣನ ಗಾಡಿ ಆಗ ನೆರಳಿನಲ್ಲಿ ನಿಂತಿತ್ತು ಎಂಬುದೂ ನಿಜ.

ನನ್ನ ಪರವಾಗಿ ಹೇಳಬಹುದಾದ ಮಾತುಗಳಿಲ್ಲವೆಂದಲ್ಲ. ಬಳಕೆಯಿಂದ ದೂರ ಇಟ್ಟು ಉಳಿಸಿಕೊಳ್ಳುವ ಕ್ರಮ ಲೋಕದಲ್ಲಿ ಇದೆ, ಅದಕ್ಕೆ ಗೌರವವೂ ಇದೆ. ವಿಜಯಪುರದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಕೂತಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳು ಕೆಲಸಕ್ಕೆ ಬಾರದ ಸರಕುಗಳ ಜೊತೆ ಇದನ್ನೂ ಹರಾಜಿಗೆ ಇಟ್ಟರು. ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಕಡೆಗೆ ಮಾರಾಟ ರದ್ದಾಯಿತು, ತೋಪು ಉಳಿಯಿತು. ಇವತ್ತು ಅದನ್ನು ನೋಡಿ, ಹಾರಿಸದೆ ಸುಮ್ಮನೆ ಇಟ್ಟಿದ್ದಾರಲ್ಲ ಎಂದು ಯಾರೂ ಕೊರಗುವುದಿಲ್ಲ. ಅದು ಹಾರದೆ ಇರುವುದೇ ಒಳ್ಳೆಯದು.

ಅದೇ ಊರಿನಲ್ಲಿ ತಾಜ್ ಬಾವಡಿಯೂ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, 1620ರ ಸುಮಾರಿಗೆ ಕಟ್ಟಿದ್ದು. ಕಲ್ಲು ಕಮಾನುಗಳು ಗಟ್ಟಿಯಾಗಿಯೇ ನಿಂತಿದ್ದವು. ಆದರೆ ಊರು ಬೇರೆ ನೀರು ಕುಡಿಯತೊಡಗಿದ ಮೇಲೆ ಬಾವಡಿಗೆ ಬಿಂದಿಗೆ ಬರುವುದು ನಿಂತು, ಕಸ ಬರುವುದು ಶುರುವಾಯಿತು. ಹಲವು ದಶಕ ಹೂಳು ತುಂಬಿ, ನೀರು ಹಸಿರಾಗಿ ನಾರಿತು. ಇತ್ತೀಚಿನ ವರ್ಷಗಳಲ್ಲಿ ಹೂಳೆತ್ತಿಸಿ ಸ್ವಚ್ಛ ಮಾಡಿಸಿದಾಗಲೇ ಅದು ಮತ್ತೆ ಬಾವಡಿಯಂತೆ ಕಂಡದ್ದು. ಸೇದದ ಬಾವಿಯ ನೀರು ಕೆಡುತ್ತದೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಸೇದಿದರೆ ನೀರು ಕಡಿಮೆಯಾಗುತ್ತದೆ, ನಿಜ, ಮತ್ತೆ ಒಸರುತ್ತದೆ. ಸೇದದಿದ್ದರೆ ಕಡಿಮೆಯಾಗುವುದಿಲ್ಲ, ಕುಡಿಯಲೂ ಬರುವುದಿಲ್ಲ.

ತೋಪು ಬಳಸದೆ ಉಳಿಯುತ್ತದೆ, ಬಾವಿ ಬಳಸದಿದ್ದರೆ ಕೆಡುತ್ತದೆ. ಹಾಗಾದರೆ ಅಗಲಿದವರು ಬಿಟ್ಟುಹೋದ ವಸ್ತು ಎದುರಿಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಇದರ ಮೇಲೆ ನನಗೆಷ್ಟು ಪ್ರೀತಿ ಎಂದಲ್ಲ. ಇದು ತೋಪೋ ಬಾವಿಯೋ ಎಂದು. ಅಪ್ಪನ ಕನ್ನಡಕ ತೋಪಿನ ಜಾತಿಗೆ ಸೇರಿದ್ದು. ಅವನ ಕಣ್ಣಿನ ನಂಬರು ಇನ್ನೊಬ್ಬರಿಗೆ ಆಗದು. ಪೆಟ್ಟಿಗೆಯಲ್ಲಿಟ್ಟರೆ ಯಾರಿಗೂ ನಷ್ಟವಿಲ್ಲ. ಗಾಡಿ ಹಾಗಲ್ಲ. ಒಳಗೆ ಪೆಟ್ರೋಲ್ ನಿಲ್ಲುವ ವಸ್ತು, ಸೀಲು ಒಣಗುವ ವಸ್ತು, ಯಾರಾದರೂ ಹತ್ತಲೇಬೇಕಾದ ವಸ್ತು. ಸರ್ಕಾರದ ಕಾಗದವೂ ಅದನ್ನೇ ಹೇಳುತ್ತದೆ: 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಾನು ಬಂದ್ ಇಟ್ಟಿದ್ದಾಗ ಅದೂ ತೀರಿಹೋಗಿತ್ತು.

ಇವೆರಡೂ ಅಲ್ಲದ ಮೂರನೆಯ ದಾರಿಯನ್ನೂ ಇದೇ ಊರು ನೋಡಿದೆ. ಜೇಬಿಲ್ಲದ ಅಂಗಿ ತೊಡುತ್ತಿದ್ದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ತೀರಿಕೊಂಡರು. ದೇಹವನ್ನು ಅಗ್ನಿಗೆ ಒಪ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು; ಅದರಂತೆಯೇ ಅಂತ್ಯಕ್ರಿಯೆ ನಡೆಯಿತು. ಗೋಳಗುಮ್ಮಟದಂಥ ಗೋರಿ ಇರುವ ಊರಿನಲ್ಲಿ, ಸತ್ತ ಮೇಲೆ ತನ್ನ ಹೆಸರಿನಲ್ಲಿ ಒಂದು ಕಲ್ಲೂ ಬೇಡ ಎಂದು ಹೇಳಿ ಹೋದ ಮನುಷ್ಯ. ಅವರ ದಾರಿ ನಮ್ಮಂಥವರಿಗೆ ಎತ್ತರದ್ದಾಯಿತು. ಆದರೆ ಅದರಿಂದ ಒಂದು ಮಾತಂತೂ ತಿಳಿಯುತ್ತದೆ: ನೆನಪು ಉಳಿಯಲು ವಸ್ತು ಉಳಿಯಲೇಬೇಕು ಎಂಬ ನಿಯಮವಿಲ್ಲ. ವಸ್ತುವನ್ನು ಹಿಡಿದು ಕೂತವರು ನೆನಪಿಗಾಗಿ ಕೂತಿದ್ದೇವೆ ಎಂದರೆ, ಅದನ್ನು ಇನ್ನೊಮ್ಮೆ ಪರೀಕ್ಷಿಸಿ ನೋಡಬೇಕು.

ನನ್ನದನ್ನು ನಾನು ಪರೀಕ್ಷಿಸಿ ನೋಡಿದೆ. ಮೊದಲ ಒಂದೆರಡು ವರ್ಷ ಅದು ದುಃಖವೇ ಆಗಿತ್ತು, ಅನುಮಾನವಿಲ್ಲ. ಆ ಸೀಟಿನ ಮೇಲೆ ಬೇರೆಯವರು ಕೂರುವುದನ್ನು ನೋಡಲು ಆಗುತ್ತಿರಲಿಲ್ಲ. ದುಃಖಕ್ಕೆ ಅಷ್ಟು ಜಾಗ ಕೊಡಬೇಕು. ಆದರೆ ಕಾಕಾ ಕೇಳಿದಾಗ ‘ಇಲ್ಲ’ ಎಂದದ್ದು ದುಃಖವೋ ಒಡೆತನವೋ? ದುಃಖ ಯಾವ ದಿನ ಒಡೆತನವಾಗಿ ತಿರುಗಿತು? ಅದಕ್ಕೆ ತಾರೀಖಿಲ್ಲ. ಪೆಟ್ರೋಲ್ ಅಂಟಾಗುವುದಕ್ಕೂ ತಾರೀಖಿಲ್ಲ. ಇಂಥ ಸೋಮವಾರ ಚೆನ್ನಾಗಿತ್ತು, ಮಂಗಳವಾರ ಕೆಟ್ಟಿತು ಎನ್ನಲು ಬರುವುದಿಲ್ಲ. ಬಿದ್ದು ಮುರಿದದ್ದಕ್ಕೆ ಒಂದು ದಿನವಿರುತ್ತದೆ, ಅಂದು ನಮಗೆ ಬೇಸರವಾಗುತ್ತದೆ, ರಿಪೇರಿಗೆ ಓಡುತ್ತೇವೆ. ಇಟ್ಟಲ್ಲಿ ಕೆಟ್ಟದ್ದಕ್ಕೆ ಅಂಥ ದಿನವೇ ಇರುವುದಿಲ್ಲವಾದ್ದರಿಂದ ಮನಸ್ಸು ಚುಚ್ಚುವುದೂ ಇಲ್ಲ. ಹಾಳು ಮಾಡುತ್ತಿರುವಾಗಲೂ ಕಾಪಾಡುತ್ತಿದ್ದೇನೆ ಎಂದೇ ಅನ್ನಿಸುತ್ತಿರುತ್ತದೆ.

ಇದಕ್ಕೆ ಎದುರು ವಾದವೂ ಗಟ್ಟಿಯಾಗಿಯೇ ಇದೆ. ಕಾಕಾನಿಗೆ ಕೊಟ್ಟಿದ್ದರೆ ಗಾಡಿ ಹಾಗೇ ಉಳಿಯುತ್ತಿತ್ತೇ? ಇಲ್ಲ. ಹೊಲದ ದಾರಿಯಲ್ಲಿ ಸೈಲೆನ್ಸರ್ ಜಜ್ಜಿಹೋಗುತ್ತಿತ್ತು, ಔಷಧಿ ಕ್ಯಾನು ಕಟ್ಟಿ ಕಟ್ಟಿ ಸೀಟು ಹರಿಯುತ್ತಿತ್ತು, ಚೈನು ಸವೆಯುತ್ತಿತ್ತು. ಇಟ್ಟರೂ ಕೆಡುತ್ತದೆ, ಬಳಸಿದರೂ ಕೆಡುತ್ತದೆ ಎಂದ ಮೇಲೆ ಎರಡಕ್ಕೂ ಏನು ವ್ಯತ್ಯಾಸ?

ವ್ಯತ್ಯಾಸ ಇರುವುದು ಇಲ್ಲಿ. ಸವೆದದ್ದು ಯಾರಿಗೋ ಸಂದಿರುತ್ತದೆ. ಚೈನಿನ ಸವೆತ ಎಂದರೆ ಯಾರೋ ಅಷ್ಟು ದೂರ ನಡೆಯದೆ ಉಳಿದರು ಎಂದರ್ಥ. ಅಪ್ಪನ ಬೂಟಿನಿಂದ ಸವೆದ ಆ ಗೇರ್ ಕಡ್ಡಿಯಲ್ಲಿ ನೂರಾರು ದನಗಳ ಜೀವದ ಲೆಕ್ಕವಿದೆ. ಆದರೆ ಅಂಟಾಗಿ ಕೂತ ಪೆಟ್ರೋಲ್ ಯಾರಿಗೆ ಸಂದಿತು? ಅಪ್ಪನಿಗೂ ಇಲ್ಲ, ಕಾಕಾನಿಗೂ ಇಲ್ಲ, ಇಟ್ಟುಕೊಂಡ ನನಗೂ ಇಲ್ಲ. ವಸ್ತು ಹೇಗೂ ಒಂದು ದಿನ ಮುಗಿಯುವಂಥದ್ದು. ಅದು ಯಾರಿಗಾದರೂ ಸಂದು ಮುಗಿಯಿತೋ, ಯಾರಿಗೂ ಸಲ್ಲದೆ ಮುಗಿಯಿತೋ ಎಂಬುದು ಮಾತ್ರ ನಮ್ಮ ಕೈಯಲ್ಲಿರುವುದು.

ಗ್ಯಾರೇಜಿನ ಕೆಲಸ ನಾನೆಣಿಸಿದಷ್ಟು ಬೇಗ ಮುಗಿಯಲಿಲ್ಲ. ಸ್ಲೋ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ಜೇಬಿನಿಂದ ಟಾಚಣಿ ತೆಗೆದುಕೊಟ್ಟೆ. ಮಿಸ್ತ್ರಿ ಕೈ ಹಿಂದಕ್ಕೆ ತೆಗೆದುಕೊಂಡರು. “ಅದನ್ನ ಹಾಕಬಾರದ್ರಿ. ಜೆಟ್ಟು ಹಿತ್ತಾಳಿದು, ಟಾಚಣಿ ಉಕ್ಕಿಂದು. ತೂತು ಒಮ್ಮೆ ದೊಡ್ಡದಾತಂದ್ರ ಮತ್ತ ಸಣ್ಣದ ಮಾಡಾಕ ಬರಂಗಿಲ್ಲ” ಎಂದರು. ಜೆಟ್ಟನ್ನು ಕ್ಲೀನರಿನಲ್ಲಿ ಒಂದು ರಾತ್ರಿ ನೆನೆಹಾಕಿದರು. ಮರುದಿನ ಹಳೆಯ ವೈರಿನಿಂದ ಕೂದಲಿನಂಥ ಒಂದೇ ಎಳೆ ತಾಮ್ರ ಸುಲಿದು ಮೆಲ್ಲಗೆ ಆಡಿಸಿದರು, ಗಾಳಿ ಹೊಡೆದರು, ಮತ್ತೆ ನೆನೆಹಾಕಿದರು. ಮೂರನೆಯ ಸಲಕ್ಕೆ ತೂತಿನಲ್ಲಿ ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿ ಕಂಡಿತು.

ಆದರೂ ಸ್ಲೋ ನಿಲ್ಲಲಿಲ್ಲ. ಈಗ ಇನ್ನೊಂದು ತೊಂದರೆ: ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಟೂ-ಸ್ಟ್ರೋಕ್ ಇಂಜಿನ್ನಿನ ಕೆಳಭಾಗ ಗಾಳಿ ಸೇರದಂತೆ ಬಿಗಿಯಾಗಿರಬೇಕು. ನಿಂತಲ್ಲೇ ನಿಂತು ಕ್ರ್ಯಾಂಕಿನ ಆಯಿಲ್ ಸೀಲುಗಳು ಒಣಗಿ ಗಡುಸಾಗಿದ್ದವು, ಸಂದಿಯಿಂದ ಗಾಳಿ ಎಳೆಯುತ್ತಿತ್ತು. ಸೀಲು ಬದಲಾಯಿತು, ಗ್ಯಾಸ್ಕೆಟ್ ಬದಲಾಯಿತು, ಕಿಲುಬು ಹಿಡಿದಿದ್ದ ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ ಸಂದು ಸರಿಮಾಡಿದರು. ಕಳಚಿದ ಒಂದೊಂದು ಭಾಗವನ್ನೂ ನಾನು ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳುವುದನ್ನು ನೋಡಿ ಮಿಸ್ತ್ರಿ, “ಏನ್ ಮಾಡ್ತೀರಿ ಅವನ್ನ?” ಎಂದರು. ಅಪ್ಪನ ಗಾಡಿಯವು ಎಂದೆ. ಅವರು ಒಂದು ಸೀಲನ್ನು ತಿರುವಿ ನೋಡಿ, “ಇದ ಕಂಪನಿದಲ್ರಿ. ನಿಮ್ಮ ಅಪ್ಪಾರೂ ಹಾಕ್ಸಿದ್ದ ಇದು” ಎಂದರು. ನಾನು ಅಪ್ಪನದೆಂದು ಹಿಡಿದುಕೊಂಡಿದ್ದ ಗಾಡಿ ಅಪ್ಪನ ಕೈಯಲ್ಲೇ ಎಷ್ಟೋ ಸಲ ಬಿಚ್ಚಿತ್ತು, ಬದಲಾಗಿತ್ತು. ಅವನು ನಮಗೆ ಬಿಟ್ಟುಹೋದದ್ದು ಒಂದು ರಿಪೇರಿಯ ಸರಣಿಯನ್ನು. ಅದನ್ನು ನಿಲ್ಲಿಸಿದವನು ನಾನು.

ಕೊನೆಗೆ ಏರ್ ಸ್ಕ್ರೂ. ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ. ಅದಾದ ಮೇಲೆ ಲೆಕ್ಕವಿಲ್ಲ, ಕಿವಿ ಮಾತ್ರ. ಅಷ್ಟಿಷ್ಟು ಹೊರಳಿಸುತ್ತ, ಕೇಳುತ್ತ, ಮಿಸ್ತ್ರಿ ಕೈ ತೆಗೆದರು. ಗಾಡಿ ನಿಂತಲ್ಲಿಯೇ ನಡೆಯತೊಡಗಿತು.

ಕಾಗದಪತ್ರ ನವೀಕರಿಸಿಕೊಂಡು ಒಂದು ಭಾನುವಾರ ಜಮಖಂಡಿ ರಸ್ತೆ ಹಿಡಿದು ಬಬಲೇಶ್ವರಕ್ಕೆ ಹೊರಟೆ. ಸುಮಾರು 25 ಕಿಲೋಮೀಟರ್ ದಾರಿ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡೆ. ಕೀಲಿಕೈ ಅವನ ಕೈಯಲ್ಲಿಟ್ಟು, ಅವತ್ತು ತಪ್ಪು ಮಾಡಿದೆ ಎನ್ನಬೇಕು ಎಂದು. ಟಾಚಣಿ ನೆನಪಾಯಿತು. ಎಂಟು ವರ್ಷ ಕಟ್ಟಿಕೊಂಡದ್ದನ್ನು ಒಂದೇ ಏಟಿಗೆ ಚುಚ್ಚಿ ತೆರೆಯಬೇಕೆಂಬ ಆತುರ ಯಾರ ಸಮಾಧಾನಕ್ಕೆ? ಕ್ಷಮೆ ಕೇಳುವುದರಲ್ಲಿಯೂ ಒಂದು ಬಗೆಯ ಬಲಾತ್ಕಾರ ಇರಬಹುದು. ಕೇಳಿದವನು ಹಗುರಾಗುತ್ತಾನೆ, ‘ಇರಲಿ ಬಿಡು’ ಎನ್ನುವ ಭಾರ ಇನ್ನೊಬ್ಬನ ಮೇಲೆ ಬೀಳುತ್ತದೆ.

ಕಾಕಾ ಕಟ್ಟೆಯ ಮೇಲೆ ಕೂತಿದ್ದ. ನಾನು ಓಣಿ ಹೊಕ್ಕುವ ಮೊದಲೇ ಸದ್ದು ಕೇಳಿ ಎದ್ದು ನಿಂತಿದ್ದ. ಗಾಡಿಯನ್ನು ಸ್ಲೋದಲ್ಲಿಯೇ ಬಿಟ್ಟು ಇಳಿದೆ. ಅವನು ಮಾತಾಡಲಿಲ್ಲ. ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. ಒಳಗಿನಿಂದ ಸ್ಕ್ರೂಡ್ರೈವರ್ ತರಿಸಿ, ಬಗ್ಗಿ, ಸ್ಲೋ ಸ್ಕ್ರೂವನ್ನು ಕಾಲು ಸುತ್ತಿನಷ್ಟು ಸಡಿಲಿಸಿದ. ಸದ್ದು ಇಳಿಯಿತು, ಇನ್ನೇನು ನಿಂತೇಹೋಯಿತು ಅನ್ನುವಲ್ಲಿಗೆ ಬಂದು, ನಿಲ್ಲದೆ, ಒಂದೊಂದೇ ಏಟು ಎಣಿಸಬಹುದಾದಷ್ಟು ನಿಧಾನವಾಗಿ ನಡೆಯಿತು.

“ನಿಮ್ಮಪ್ಪ ಇಷ್ಟ ಇಡತಿದ್ದ” ಎಂದ.

ನನಗೆ ಅದು ನೆನಪಿರಲಿಲ್ಲ. ನೆನಪಿನ ಹೆಸರಿನಲ್ಲಿ 11 ವರ್ಷ ಗಾಡಿಯನ್ನು ಹೊದಿಸಿಟ್ಟ ನನಗೆ ಅದರ ಸದ್ದೇ ಮರೆತುಹೋಗಿತ್ತು. ನಾನು ಯಾರಿಗೆ ‘ಇಲ್ಲ’ ಎಂದಿದ್ದೆನೋ ಅವನ ಕಿವಿಯಲ್ಲಿ ಅದು ಸರಿಯಾಗಿ ಉಳಿದಿತ್ತು.

ಕೀಲಿಕೈ ಮುಂದೆ ಹಿಡಿದೆ. “ಈಗ್ಯಾಕಪಾ? ಮೊಣಕಾಲು ಮಡಚವಲ್ವು, ಕಿಕ್ ಯಾರ್ ಹೊಡಿಯವ್ರು” ಎಂದ. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಜೆಟ್ಟು ಬಿಡಿಸಬಹುದು, ಸೀಲು ಹಾಕಬಹುದು, ನೋಂದಣಿ ನವೀಕರಿಸಬಹುದು. ಬೇಕಾಗಿದ್ದ ಬೇಸಿಗೆಯನ್ನು ಹಿಂದಕ್ಕೆ ತರಲು ಯಾವ ಗ್ಯಾರೇಜಿನಲ್ಲಿಯೂ ಆಗುವುದಿಲ್ಲ. ಚಹಾ ಕುಡಿಯುವಾಗ ಅವನೇ, “ಕೊಡೂದಾದ್ರ ಓಡಿಸವರಿಗೆ ಕೊಡು” ಎಂದು, ತೋಟ ನೋಡಿಕೊಳ್ಳುವ ಹುಡುಗನನ್ನು ಕರೆಸಿದ.

ಗಾಡಿ ಈಗ ಬಬಲೇಶ್ವರದಲ್ಲಿದೆ. ಆ ಹುಡುಗನಿಗೆ ಕಾಕಾ ಒಂದು ಕಟ್ಟಪ್ಪಣೆ ಮಾಡಿದ್ದಾನೆ. ನಾಲ್ಕು ದಿನ ಓಡಿಸುವುದಿಲ್ಲ ಎಂದಾದರೆ ಮೊದಲು ಪೆಟ್ರೋಲ್ ಕಾಕ್ ಬಂದ್ ಮಾಡಿ ಗಾಡಿಯನ್ನು ಸ್ಲೋದಲ್ಲಿ ಬಿಡಬೇಕು. ಬಟ್ಟಲಿನಲ್ಲಿ ಇದ್ದಷ್ಟೂ ಉರಿದು ತಾನಾಗಿ ನಿಲ್ಲಬೇಕು, ಒಳಗೇನೂ ಉಳಿಯಬಾರದು. ಈಗಿನ ಪೆಟ್ರೋಲಿನಲ್ಲಿ ನೀರು ಹೀರುವ ಎಥೆನಾಲ್ ಬೇರೆ ಬೆರೆತಿರುತ್ತದೆ. ಬಿಟ್ಟರೆ ಮೊದಲಿಗಿಂತ ಬೇಗ ಕೆಡುತ್ತದೆ.

ಕಳೆದ ಸಲ ಹೋದಾಗ ಟಾಕಿಯ ಮೇಲೆ ಗೇಣುದ್ದದ ಗೀರು ಬಿದ್ದಿತ್ತು. ಔಷಧಿ ಪಂಪು ಉಜ್ಜಿದ್ದಂತೆ. ನೋಡಿದೊಡನೆ ಹೊಟ್ಟೆಯಲ್ಲಿ ಹಿಂಡಿದಂತಾಯಿತು, ಸುಳ್ಳು ಹೇಳುವುದಿಲ್ಲ. ಕರವಸ್ತ್ರ ತೆಗೆದು ಅದರ ಮೇಲೆ ಕೈಯಾಡಿಸಿದೆ. ಗೀರು ಹೋಗಲಿಲ್ಲ. ಹುಡುಗ ಅವಸರದಲ್ಲಿದ್ದ, ತೋಟಕ್ಕೆ ನೀರು ಬಿಡುವ ಹೊತ್ತಾಗಿತ್ತು. ದಾರಿ ಬಿಟ್ಟು ಪಕ್ಕಕ್ಕೆ ನಿಂತೆ.